ಮಗುವಿನ ಖಾತೆ ಜಮೆಯಲ್ಲಿಯೇ ಇರಲಿ

ಮಾರ್ಚ್ ತಿಂಗಳು ಕೊನೆಗೊಳ್ಳುತ್ತ ಬಂದಂತೆ ಮುಂಬಯಿಯ ಮಧ್ಯಮವರ್ಗದ ಮನೆಗಳಲ್ಲಿ ಎರಡು ಬಗೆಯ ಲೆಕ್ಕಗಳು ಮುಕ್ತಾಯಕ್ಕೆ ಬರುತ್ತವೆ. ಒಂದು, ಮನೆಯ ಯಜಮಾನನ ಕಚೇರಿಯ ಲೆಕ್ಕ. ಇನ್ನೊಂದು, ಮಕ್ಕಳ ಶಾಲೆಯ ಲೆಕ್ಕ. ಮೊದಲನೆಯದು ಮಾರ್ಚ್ 31ರ ರಾತ್ರಿಗೆ ಮುಗಿಯುತ್ತದೆ. ಎರಡನೆಯದರ ಫಲಿತಾಂಶ ಕೇಂದ್ರ ಮಂಡಲದ ಶಾಲೆಗಳಲ್ಲಿ ಆ ಹೊತ್ತಿಗೇ ಬಂದರೆ, ರಾಜ್ಯ ಮಂಡಲದ ಶಾಲೆಗಳಲ್ಲಿ ಸಾಮಾನ್ಯವಾಗಿ ಮೇ ತಿಂಗಳ ಆರಂಭದ ಸುಮಾರಿಗೆ ಬರುತ್ತದೆ. ಕಚೇರಿಯ ಲೆಕ್ಕವನ್ನು ತಾಳೆ ನೋಡುವುದರಲ್ಲಿ ನುರಿತ ತಂದೆಯು ಅದೇ ಕನ್ನಡಕವನ್ನು ಧರಿಸಿಕೊಂಡೇ ಮಗುವಿನ ಅಂಕಪಟ್ಟಿಯನ್ನೂ ನೋಡುತ್ತಾನೆ. ತೊಂದರೆಯು ಆರಂಭವಾಗುವುದು ಇಲ್ಲಿಯೇ.

ಡೊಂಬಿವಲಿಯದೋ, ಮೀರಾ ರೋಡಿನದೋ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಏಳನೆಯ ತರಗತಿಯ ಹುಡುಗಿ ಸಂಜೆಯಿಂದ ಅಂಕಪಟ್ಟಿಯನ್ನು ದೇವರ ಗೂಡಿನ ಮುಂದಿಟ್ಟು ತಂದೆಗಾಗಿ ಕಾಯುತ್ತಿದ್ದಾಳೆ. ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಬಳಲಿ ಬಂದ ತಂದೆ ಬೂಟು ಕಳಚುವ ಮೊದಲೇ ಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಕಳೆದ ವರ್ಷ ಗಣಿತದಲ್ಲಿ ನಲವತ್ತೊಂದು ಪಡೆದಿದ್ದವಳಿಗೆ ಈ ವರ್ಷ ಐವತ್ತೆಂಟು ಬಂದಿದೆ. ಅದಕ್ಕಾಗಿ ಆಕೆ ಜನವರಿಯಿಂದ ಪ್ರತಿ ಮುಂಜಾನೆ ಅರ್ಧ ಗಂಟೆ ಮೊದಲು ಎದ್ದಿದ್ದಾಳೆ. ತಾಯಿಗೆ ಅದು ಗೊತ್ತು, ತಂದೆಗೆ ಗೊತ್ತಿಲ್ಲ. "ಐವತ್ತೆಂಟೇ? ಎದುರುಮನೆಯ ಹುಡುಗನಿಗೆ ಎಷ್ಟು ಬಂತು?" ಎಂಬ ಪ್ರಶ್ನೆಯು ಆತನ ಬಾಯಿಂದ ಹೊರಡುತ್ತದೆ. ಅದರಲ್ಲಿ ದ್ವೇಷವಿಲ್ಲ, ಮಗಳ ಮೇಲಿನ ಕಾಳಜಿಯೇ ಇದೆ. ಆದರೆ ಹುಡುಗಿಯ ಮೂರು ತಿಂಗಳ ದುಡಿಮೆ ಆ ಒಂದು ವಾಕ್ಯದಿಂದ ಲೆಕ್ಕದ ಪುಸ್ತಕದಿಂದಲೇ ಅಳಿಸಿಹೋಗುತ್ತದೆ. ಮುಂದಿನ ಜನವರಿಯಲ್ಲಿ ಆಕೆ ಮುಂಜಾನೆ ಏಳುವಳೆಂಬ ಭರವಸೆಯಿಲ್ಲ.

ಬ್ಯಾಂಕುಗಳಲ್ಲಿ ಅಪ್ರಾಪ್ತ ವಯಸ್ಕರ ಉಳಿತಾಯ ಖಾತೆಗೆ ಸಂಬಂಧಿಸಿದಂತೆ ಒಂದು ನಿಯಮವಿದೆ. ಮಗುವಿನ ಖಾತೆಯು ಸದಾ ಜಮೆಯಲ್ಲಿಯೇ ಇರಬೇಕು. ಇದ್ದುದಕ್ಕಿಂತ ಹೆಚ್ಚು ಹಣ ತೆಗೆದು ಓವರ್‌ಡ್ರಾಫ್ಟ್ ಆಗಲು ಬ್ಯಾಂಕು ಅವಕಾಶ ಕೊಡಬಾರದು. ದೊಡ್ಡವರು ಸಾಲ ಮಾಡಬಹುದು, ತೀರಿಸಬಹುದು, ತೀರಿಸದೆ ಕಟಕಟೆ ಹತ್ತಬಹುದು. ಮಗುವನ್ನು ಮಾತ್ರ ಸಾಲಗಾರನನ್ನಾಗಿ ಮಾಡಲಾಗದು. ಹಣದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಸಮಾಜವು ಮಗುವಿನ ಆತ್ಮವಿಶ್ವಾಸದ ವಿಷಯದಲ್ಲಿ ಇದೇ ಎಚ್ಚರವನ್ನು ಏಕೆ ವಹಿಸಬಾರದು? ವರ್ಷದ ಕೊನೆಯ ದಿನ ಮಗುವಿನ ಖಾತೆಗೆ ಮೊದಲು ಒಂದು ಜಮೆ ಬೀಳಬೇಕು. ಖರ್ಚಿನ ಕಲಮುಗಳು ಏನಿದ್ದರೂ ಆ ಬಳಿಕ. ಶಾಲಾವರ್ಷ ಮುಗಿಯುವ ಹೊತ್ತಿನಲ್ಲಿ ಪ್ರತಿಯೊಂದು ಕುಟುಂಬವೂ ಪಾಲಿಸಬೇಕಾದ ಮೊದಲ ನಿಯಮವಿದು.

ಇದಕ್ಕೆ ಪಾಲಕರ ಕಡೆಯಿಂದ ಬರುವ ಆಕ್ಷೇಪಣೆಯನ್ನು ಲಘುವಾಗಿ ಕಾಣಲಾಗದು. ಪರಊರಿಗೆ ಬಂದು ನೆಲೆನಿಂತವರಿಗೆ ಇಲ್ಲಿ ಹೊಲವಿಲ್ಲ, ತೋಟವಿಲ್ಲ, ಬೆನ್ನಿಗೆ ನಿಲ್ಲುವ ನಂಟರಿಲ್ಲ, ವಿದ್ಯೆಯೊಂದೇ ಆಸ್ತಿ. ಮುಂಬಯಿಯ ಕನ್ನಡಿಗರ ಇತಿಹಾಸದಲ್ಲಿ ರಾತ್ರಿಶಾಲೆಗಳಿಗೆ ಇರುವ ಸ್ಥಾನ ಹಿರಿದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ನಿದ್ದೆಗಣ್ಣಿನಲ್ಲಿ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರು ಮುಂದೆ ಗುಮಾಸ್ತರಾದರು, ವಕೀಲರಾದರು, ಉದ್ಯಮಿಗಳಾದರು. ಅಂಥವರ ಮಕ್ಕಳು, ಮೊಮ್ಮಕ್ಕಳು ಇಂದಿನ ಪಾಲಕರು. "ಅಂಕವಿಲ್ಲದಿದ್ದರೆ ಈ ನಗರದಲ್ಲಿ ಬದುಕಿಲ್ಲ" ಎಂಬ ಅವರ ಭಯವು ಅನುಭವದಿಂದ ಬಂದುದು. ಆದರೆ ಅದೇ ಇತಿಹಾಸವನ್ನು ತುಸು ನಿಧಾನವಾಗಿ ಓದಿದರೆ ಇನ್ನೊಂದು ಸತ್ಯವೂ ಕಾಣುತ್ತದೆ. ರಾತ್ರಿಶಾಲೆಯ ಹುಡುಗನನ್ನು ಯಾರೂ ಅಂಕದಿಂದ ಅಳೆಯಲಿಲ್ಲ. ದಣಿದ ಮೈಯಲ್ಲಿಯೂ ಆತ ಶಾಲೆಗೆ ಬಂದನಲ್ಲ ಎಂಬುದೇ ಗುರುಗಳಿಗೆ ದೊಡ್ಡದಾಗಿತ್ತು. ಆತನ ಪ್ರಯತ್ನಕ್ಕೆ ಸಂದ ಆ ಮನ್ನಣೆಯೂ ಆತನನ್ನು ಮೇಲೆತ್ತಿದ ಶಕ್ತಿಗಳಲ್ಲಿ ಒಂದು.

ಪ್ರಯತ್ನವನ್ನು ಮೆಚ್ಚುವುದಕ್ಕೂ ಬುದ್ಧಿಯನ್ನು ಹೊಗಳುವುದಕ್ಕೂ ಇರುವ ಅಂತರವನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾದುದು. ಐದನೆಯ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಟ್ಟು, ಒಂದು ಗುಂಪಿನವರನ್ನು "ನೀನು ಬಹಳ ಬುದ್ಧಿವಂತ" ಎಂದೂ ಇನ್ನೊಂದು ಗುಂಪಿನವರನ್ನು "ನೀನು ಚೆನ್ನಾಗಿ ಶ್ರಮಪಟ್ಟಿದ್ದೀ" ಎಂದೂ ಹೊಗಳಲಾಯಿತು. ಬಳಿಕ ಕಠಿಣವಾದ ಸಮಸ್ಯೆಗಳನ್ನು ಕೊಟ್ಟಾಗ ಎಲ್ಲರೂ ಎಡವಿದರು. ಮೂರನೆಯ ಸುತ್ತಿನಲ್ಲಿ ಮೊದಲಿನಷ್ಟೇ ಸುಲಭವಾದ ಸಮಸ್ಯೆಗಳನ್ನು ಕೊಟ್ಟರೆ, ಬುದ್ಧಿವಂತರೆನಿಸಿಕೊಂಡವರ ಸಾಧನೆ ಮೊದಲಿಗಿಂತ ಕುಸಿದಿತ್ತು; ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಮುಂದಕ್ಕೆ ಹೋಗಿದ್ದರು. ತಮಗೆ ಬಂದ ಅಂಕಗಳನ್ನು ಬೇರೊಬ್ಬ ವಿದ್ಯಾರ್ಥಿಗೆ ಬರೆದು ತಿಳಿಸಬೇಕಾದಾಗ ಬುದ್ಧಿವಂತರೆನಿಸಿಕೊಂಡ ಗುಂಪಿನಲ್ಲಿಯೇ ಹೆಚ್ಚು ಮಂದಿ ಸುಳ್ಳು ಬರೆದರು. ತಪ್ಪು ನಮೂದು ಹುಟ್ಟುವುದು ದುರಾಸೆಯಿಂದ ಮಾತ್ರವಲ್ಲ, ಮಾನ ಹೋದೀತೆಂಬ ಭಯದಿಂದಲೂ ಹುಟ್ಟುತ್ತದೆ ಎಂಬುದನ್ನು ಲೆಕ್ಕಪತ್ರಗಳೊಡನೆ ಬದುಕುವವರಿಗೆ ವಿವರಿಸಬೇಕಾಗಿಲ್ಲ.

ಆದುದರಿಂದ ಪ್ರೋತ್ಸಾಹವೆಂದರೆ ಮುಖಸ್ತುತಿಯಲ್ಲ. "ಎಲ್ಲ ಚೆನ್ನಾಗಿದೆ, ನೀನು ಚಿನ್ನ" ಎಂಬ ಬರಿಯ ಮಾತು ಹಣವಿಲ್ಲದ ಖಾತೆಯ ಮೇಲೆ ಬರೆದ ಚೆಕ್ಕಿನಂತೆ. ಮಗು ಅದನ್ನು ಬೇಗನೆ ಗುರುತಿಸುತ್ತದೆ. ನಿಜವಾದ ಮೆಚ್ಚುಗೆ ಖಚಿತವಾಗಿರಬೇಕು. "ಮುಂಜಾನೆ ಎದ್ದು ಓದಿದ್ದರಿಂದ ಗಣಿತದಲ್ಲಿ ಹದಿನೇಳು ಅಂಕ ಹೆಚ್ಚಾಯಿತಲ್ಲ, ಮಗಳೇ. ಭಿನ್ನರಾಶಿ ಇನ್ನೂ ಕಷ್ಟವಾಗುತ್ತಿದೆಯೇ? ರಜೆಯಲ್ಲಿ ಇಬ್ಬರೂ ಕೂತು ನೋಡೋಣ" ಎನ್ನುವ ತಂದೆ ಅಂಕವನ್ನು ಮರೆತವನಲ್ಲ. ಆತ ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ಬರೆದವನು. ಹೀಗೆ ಹೇಳಬೇಕಾದರೆ ಮಗು ಮುಂಜಾನೆ ಎದ್ದುದು ತಂದೆಗೆ ಗೊತ್ತಿರಬೇಕು. ಪ್ರೋತ್ಸಾಹಕ್ಕೆ ತಗಲುವ ನಿಜವಾದ ವೆಚ್ಚವು ಈ ಗಮನವೇ ಹೊರತು ಹಣವಲ್ಲ.

ಫಲಿತಾಂಶದ ನೋವು ಮನೆಯೊಳಗೇ ಮುಗಿಯುವುದೂ ಇಲ್ಲ. ರಜೆ ಬಂತೆಂದರೆ ಪ್ರವಾಸಿ ಕನ್ನಡಿಗನ ಮನಸ್ಸು ಊರಿನತ್ತ ಓಡುತ್ತದೆ. ಮುಂಗಡ ಕಾದಿರಿಸುವಿಕೆಯ ಅವಧಿಯನ್ನು ರೈಲ್ವೆ ಇಲಾಖೆಯು 2024ರ ನವೆಂಬರಿನಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿದ ಮೇಲೆ ಮತ್ಸ್ಯಗಂಧಾ, ಉದ್ಯಾನ್ ಎಕ್ಸ್‌ಪ್ರೆಸ್‌ಗಳ ಬೇಸಿಗೆಯ ಟಿಕೇಟಿಗಾಗಿ ಕಾತರಿಸುವುದು ಪರೀಕ್ಷೆಯ ದಿನಗಳಲ್ಲಿಯೇ ನಡೆಯುತ್ತದೆ. ಊರಿಗೆ ತಲಪಿದೊಡನೆ ಅಂಗಳದಲ್ಲಿ ಕುಳಿತ ಮಾವ, ಚಿಕ್ಕಪ್ಪ, ನೆರೆಮನೆಯವರೆಲ್ಲರ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟು?" ಎಂಬುದೇ. ಬೆಂಗಳೂರಿನಿಂದ ಬಂದ ದೊಡ್ಡಪ್ಪನ ಮಗನ ಅಂಕಗಳೊಡನೆ ಕೂಡಲೇ ತುಲನೆ ನಡೆಯುತ್ತದೆ. ಅಜ್ಜಿಯ ಮನೆಯ ಮಾವಿನ ಮರದ ಕೆಳಗೆ ಮಗು ಎಲ್ಲವನ್ನೂ ಮರೆಯಬೇಕಾಗಿದ್ದ ಆ ಹೊತ್ತಿನಲ್ಲಿ ಅದಕ್ಕೆ ಎರಡನೆಯ ಪರೀಕ್ಷೆ ಆರಂಭವಾಗುತ್ತದೆ. ತಾಯಿತಂದೆಯರು ಊರಿಗೆ ಹೊರಡುವ ಮೊದಲೇ ಹಿರಿಯರಿಗೆ ದೂರವಾಣಿಯಲ್ಲಿ ಒಂದು ಮಾತು ಹೇಳಿಟ್ಟರೆ ಈ ಮುಜುಗರವನ್ನು ತಪ್ಪಿಸಬಹುದು.

ಇದೊಂದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರವನ್ನು ಮೀರಿತ್ತು. ಇವೆಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಒಂದೊಂದು ದುರಂತದ ಹಿಂದೆಯೂ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಆದರೂ ಫಲಿತಾಂಶದ ದಿನಗಳಲ್ಲಿ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಗೆಳೆಯರನ್ನು ದೂರಮಾಡಿದರೆ, "ನಾನಿದ್ದು ಪ್ರಯೋಜನವೇನು" ಎಂಬರ್ಥದ ಮಾತನಾಡಿದರೆ ಅದನ್ನು ಹಟವೆಂದು ಬಗೆಯಬಾರದು. ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಬೇಕು, ಒಂಟಿಯಾಗಿ ಬಿಡಬಾರದು, ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು. ಪರನಾಡಿನ ಕನ್ನಡಿಗರಿಗೆ ಅನುಕೂಲವೆಂದರೆ ಅಲ್ಲಿ ಕನ್ನಡದಲ್ಲಿಯೂ ಮಾತನಾಡಲು ಅವಕಾಶವಿದೆ.

ಇನ್ನು ರಜೆಯ ವಿಷಯ. ಶಾಲೆ ಮತ್ತೆ ತೆರೆಯುವ ಜೂನ್ ತಿಂಗಳವರೆಗಿನ ಐದಾರು ವಾರಗಳು ಕುಟುಂಬಕ್ಕೆ ವರ್ಷದಲ್ಲಿ ಒಮ್ಮೆ ಮಾತ್ರ ದೊರಕುವ ಬಂಡವಾಳ. ಹಲವು ಮನೆಗಳಲ್ಲಿ ಈ ಬಂಡವಾಳವು ಮುಂದಿನ ತರಗತಿಯ ಟ್ಯೂಶನ್ನಿಗೆ ಮುಂಗಡವಾಗಿ ಸಂದುಹೋಗುತ್ತದೆ. ಉಳಿದ ಮನೆಗಳಲ್ಲಿ ಮೊಬೈಲಿನ ಪರದೆಯ ಮುಂದೆ ಕರಗಿಹೋಗುತ್ತದೆ. ಎರಡೂ ನಷ್ಟವೇ. ಪರೀಕ್ಷೆಯ ಕಾಲದಲ್ಲಿ ಕೆಟ್ಟ ನಿದ್ದೆಯು ಮೊದಲು ಸರಿಹೋಗಬೇಕು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈಬೆವರುವ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಸೂಚನೆಗಳಲ್ಲಿ ತಿಳಿಸಿದೆ. ಬಯಲಿನ ಬೆಳಕು ಕಣ್ಣಿಗೂ ಒಳ್ಳೆಯದು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟಾಗ ಮೂರು ವರ್ಷಗಳಲ್ಲಿ ಸಮೀಪದೃಷ್ಟಿಯ ದೋಷ ಹೊಸದಾಗಿ ಕಾಣಿಸಿಕೊಂಡವರು ನೂರಕ್ಕೆ ಸುಮಾರು 30 ಮಂದಿ. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40 ಮಂದಿ ಎಂದು 2015ರ ಅಧ್ಯಯನವೊಂದು ತೋರಿಸಿತು. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ನಡುಹಗಲಿನ ಆಟ ಸಲ್ಲದು. ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಐದರ ಬಳಿಕ ಮಕ್ಕಳು ಕಟ್ಟಡದ ಅಂಗಳದಲ್ಲಿ ಕುಣಿದಾಡಲಿ. ದಣಿದು ಬಂದವರಿಗೆ ಒಂದು ಲೋಟ ಪಾನಕವೋ ಮಜ್ಜಿಗೆಯೋ ಸಾಕು.

ಆಟದ ಹೊರತಾದ ಹೊತ್ತಿನಲ್ಲಿ ಮಕ್ಕಳಿಗೆ ಮನೆಯ ನಿಜವಾದ ಕೆಲಸಗಳಲ್ಲಿ ಪಾಲು ಕೊಡುವುದು ಉತ್ತಮ. ತಿಂಗಳ ದಿನಸಿಯ ಚೀಟಿ ಬರೆಯುವುದು, ಬಾಜಿ ಮಾರ್ಕೆಟಿನಲ್ಲಿ ಕಾಲು ಕಿಲೋ ಬೆಂಡೆಯ ಬೆಲೆ ಕೂಡಿಸುವುದು, ದೋಸೆಯ ಹಿಟ್ಟಿಗೆ ಅಕ್ಕಿ ಉದ್ದು ಅಳೆಯುವುದು, ಹಪ್ಪಳ ಒಣಗಿಸುವುದು — ಇವುಗಳಲ್ಲಿ ಗಣಿತವೂ ಇದೆ, ವಿಜ್ಞಾನವೂ ಇದೆ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಹಾಕುವ ಮನೆಯಲ್ಲಿ ಎರಡು ಪಾವು ಅಕ್ಕಿ ನೆನೆಸಿದರೆ ಉದ್ದು ಎಷ್ಟು ಬೇಕೆಂದು ಲೆಕ್ಕ ಹಾಕುವ ಹುಡುಗಿಗೆ ಭಿನ್ನರಾಶಿ ಮತ್ತೆ ಭಯಂಕರವಾಗಿ ಕಾಣದು. ಗಂಡುಮಕ್ಕಳನ್ನು ಅಡುಗೆಮನೆಯಿಂದ ಹೊರಗಿಡುವ ಹಳೆಯ ವಾಡಿಕೆಯನ್ನು ಈ ರಜೆಯಲ್ಲಿಯೇ ಬಿಡಬಹುದು. ಉಡುಪಿಯ ಹೋಟೆಲುಗಳನ್ನು ಈ ನಗರದಲ್ಲಿ ಬೆಳೆಸಿದವರಲ್ಲಿ ಗಂಡಸರು ಎಷ್ಟು ಮಂದಿ ಇದ್ದರೆಂಬುದನ್ನು ನೆನೆದರೆ ಸಾಕು.

ಭಾಷೆಯ ವಿಷಯದಲ್ಲಿ ಈ ರಜೆಯು ಇನ್ನೂ ಅಮೂಲ್ಯವಾದುದು. ಮನೆಯಲ್ಲಿ ಕನ್ನಡ ಆಡುವ, ಆದರೆ ಓದಲಾರದ ಮಕ್ಕಳ ಪೀಳಿಗೆಯೊಂದು ಬೆಳೆಯುತ್ತಿದೆ. ಕನ್ನಡ ವರ್ಣಮಾಲೆಯಲ್ಲಿರುವುದು 49 ಅಕ್ಷರಗಳು. ಮರಾಠಿ, ಹಿಂದಿ ಕಲಿತ ಮಗುವಿಗೆ ಅವುಗಳ ಕ್ರಮವೂ ಉಚ್ಚಾರವೂ ಬಹುಮಟ್ಟಿಗೆ ಆಗಲೇ ಗೊತ್ತು. ಕ, ಖ, ಗ, ಘ ಎಂಬ ಸಾಲು ಎರಡೂ ಲಿಪಿಗಳಲ್ಲಿ ಒಂದೇ. ಹೊಸದಾಗಿ ಕಲಿಯಬೇಕಾದುದು ಅಕ್ಷರಗಳ ರೂಪ, ಎ–ಏ ಮತ್ತು ಒ–ಓಗಳ ಹ್ರಸ್ವದೀರ್ಘ ಭೇದ. ದಿನಕ್ಕೆ ಎರಡು ಅಕ್ಷರದಂತೆ ಕಲಿತರೂ ನಾಲ್ಕು ವಾರಗಳೊಳಗೆ ವರ್ಣಮಾಲೆ ಮುಗಿಯುತ್ತದೆ. ಉಳಿದ ದಿನಗಳು ಕಾಗುಣಿತಕ್ಕೆ, ಒತ್ತಕ್ಷರಕ್ಕೆ. ಜೂನ್ ತಿಂಗಳಲ್ಲಿ ಊರಿನ ಅಜ್ಜಿಗೆ ಮೊಮ್ಮಗನ ಕೈಬರಹದ ನಾಲ್ಕು ಸಾಲಿನ ಅಂಚೆ ಕಾರ್ಡು ತಲಪಿದರೆ, ಆ ಮುದುಕಿಗೆ ಅದಕ್ಕಿಂತ ದೊಡ್ಡ ಅಂಕಪಟ್ಟಿ ಬೇಕಾಗಿಲ್ಲ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೂರದ ಗಿರಿಧಾಮಗಳಿಗೆ ಹೋಗಲಾಗದವರು ಖೇದಪಡಬೇಕಾಗಿಲ್ಲ. ದಕ್ಷಿಣ ಮುಂಬಯಿಯಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ತಂದ ಚಾಲುಕ್ಯರ ಕಾಲದ ಶಿಲ್ಪಫಲಕಗಳಿವೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರಿದೆ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ 'ಕವಿರಾಜಮಾರ್ಗ' ಹುಟ್ಟಿದುದು ಆತನ ಆಸ್ಥಾನದಲ್ಲಿ. "ನೀವು ಎಲ್ಲಿಂದ ಬಂದವರು?" ಎಂದು ಶಾಲೆಯಲ್ಲಿ ಯಾರಾದರೂ ಕೇಳಿದಾಗ ತಲೆತಗ್ಗಿಸುವ ಮಗುವಿಗೆ ಈ ಎರಡು ದಿನಗಳ ಓಡಾಟವು ಕೊಡುವ ಧೈರ್ಯವನ್ನು ಯಾವ ಬೇಸಿಗೆ ಶಿಬಿರವೂ ಕೊಡಲಾರದು.

ಹತ್ತು ವರ್ಷ ತುಂಬಿದ ಮಕ್ಕಳಿದ್ದರೆ ಒಂದು ದಿನ ಬ್ಯಾಂಕಿಗೂ ಕರೆದೊಯ್ಯಬಹುದು. ಹತ್ತು ವರ್ಷ ಮೀರಿದವರು ತಮ್ಮ ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿ ಅನುವು ಮಾಡಿಕೊಟ್ಟಿತು. 2025ರ ಏಪ್ರಿಲಿನಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ನಿರ್ಧರಿಸುತ್ತದೆ. ಅಜ್ಜ ಕೊಟ್ಟ ನೂರು ರೂಪಾಯಿಯನ್ನು ತಾನೇ ಚಲನು ಬರೆದು ಜಮೆಮಾಡಿದ ಮಗುವಿಗೆ, ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯ ಅರ್ಥ ಪಾಸ್‌ಬುಕ್ಕಿನಲ್ಲಿಯೇ ಕಾಣುತ್ತದೆ.

ತಾಯಿತಂದೆಯರಿಬ್ಬರೂ ದುಡಿಯುವ, ಒಂದೇ ಕೋಣೆಯಲ್ಲಿ ಐದು ಮಂದಿ ಬಾಳುವ ಮನೆಗಳಲ್ಲಿ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದುದು. ಎಲ್ಲವೂ ಸಾಧ್ಯವಿಲ್ಲ, ಎಲ್ಲವೂ ಬೇಕಾಗಿಯೂ ಇಲ್ಲ. ರಾತ್ರಿಯ ಊಟದ ಬಳಿಕ ಮೊಬೈಲನ್ನು ಬದಿಗಿಟ್ಟು ಅರ್ಧ ಗಂಟೆ ಮಗುವಿನೊಡನೆ ಕುಳಿತರೆ ನಲವತ್ತು ದಿನಗಳಲ್ಲಿ ಇಪ್ಪತ್ತು ಗಂಟೆಗಳಾಗುತ್ತವೆ. ವರ್ಷವಿಡೀ ಅಷ್ಟು ಹೊತ್ತು ತಂದೆಯ ಪೂರ್ಣ ಗಮನವನ್ನು ಪಡೆಯದ ಮಕ್ಕಳು ಈ ಮಹಾನಗರದಲ್ಲಿ ಅನೇಕರಿದ್ದಾರೆ.

ಕನ್ನಡ ಸಂಘಗಳ ಹೊಣೆಯೂ ಇಲ್ಲಿ ಕಡಮೆಯದಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಶೇಕಡಾ ಎಂಬತ್ತು, ತೊಂಬತ್ತು ಅಂಕ ಪಡೆದವರಿಗೆ ಶಾಲು ಹೊದಿಸಿ ಪ್ರತಿಭಾ ಪುರಸ್ಕಾರ ನೀಡುವ ಸಂಪ್ರದಾಯ ಶ್ಲಾಘ್ಯವಾದುದು, ಅದು ಮುಂದುವರಿಯಲಿ. ಆದರೆ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ಮಕ್ಕಳ ಸಂಖ್ಯೆಯೇ ಹೆಚ್ಚು. ಮನೆಯಲ್ಲಿ ಕೇಳಿದ "ಎದುರುಮನೆಯವನಿಗೆ ಎಷ್ಟು?" ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಧ್ವನಿವರ್ಧಕದಲ್ಲಿ ಕೇಳುತ್ತಾರೆ. ಹಿಂದಿನ ವರ್ಷಕ್ಕಿಂತ ಹೆಚ್ಚು ಮುಂದೆ ಬಂದವರಿಗೆ ಒಂದು ಬಹುಮಾನ, ರಜೆಯಲ್ಲಿ ಕನ್ನಡ ಓದು ಕಲಿತವರಿಗೆ ಒಂದು, ಮನೆಯಲ್ಲಿ ರೋಗಿಯನ್ನೋ ತಮ್ಮತಂಗಿಯರನ್ನೋ ನೋಡಿಕೊಳ್ಳುತ್ತ ಶಾಲೆ ಬಿಡದವರಿಗೆ ಒಂದು ಎಂದು ಮೀಸಲಿಟ್ಟರೆ ಸಂಘದ ಖಜಾನೆಗೆ ಬೀಳುವ ಭಾರ ಹೆಚ್ಚಿನದಲ್ಲ. ನಪಾಸಾಗಿ ಮರುಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳಿಗೆ ಸಂಘದ ಸದಸ್ಯರಲ್ಲಿರುವ ನಿವೃತ್ತ ಶಿಕ್ಷಕರು ರಜೆಯಲ್ಲಿ ಪಾಠ ಹೇಳಿಕೊಡುವ ಏರ್ಪಾಡು ಮಾಡಿದರಂತೂ ರಾತ್ರಿಶಾಲೆಗಳ ಪರಂಪರೆಗೆ ಅದಕ್ಕಿಂತ ಯೋಗ್ಯವಾದ ಸ್ಮಾರಕ ಬೇರೊಂದಿಲ್ಲ.

ಜೂನ್ ತಿಂಗಳ ಮೊದಲ ಮಳೆಯೊಡನೆ ಶಾಲೆಯ ಗಂಟೆ ಮತ್ತೆ ಬಾರಿಸುತ್ತದೆ. ಹೊಸ ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕುವ ರಾತ್ರಿ ಡೊಂಬಿವಲಿಯ ಆ ಹುಡುಗಿ ಗಣಿತದ ಪುಸ್ತಕವನ್ನು ಎಲ್ಲಕ್ಕೂ ಕೆಳಗೆ ಇಡುತ್ತಾಳೋ, ತೆರೆದು ಮೊದಲ ಅಧ್ಯಾಯವನ್ನು ನೋಡುತ್ತಾಳೋ ಎಂಬುದು ಬಹುಮಟ್ಟಿಗೆ ಹಿಂದಿನ ಫಲಿತಾಂಶದ ಸಂಜೆ ಆಕೆಯ ತಂದೆ ಆಡಿದ ಮಾತಿನ ಮೇಲೆಯೇ ನಿಂತಿರುತ್ತದೆ. ಅಂಕಗಳ ಲೆಕ್ಕವನ್ನು ಶಾಲೆ ಇಡುತ್ತದೆ. ಮಗುವಿನ ಮನಸ್ಸಿನ ಖಾತೆ ಜಮೆಯಲ್ಲಿರುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಮನೆಯದು.